ನಡುಗದ ಗೆರೆ

ಬೆಳಗಿನ ಹಾಲಿನ ಗಾಡಿಗೆ ಕಣ್ಣು ಬಂದ ವರ್ಷ ನನಗೆ ಇಪ್ಪತ್ತೆರಡು. ತಿಪಟೂರಿನ ಬೀದಿಗಳಲ್ಲಿ ಗಾಡಿ ತನ್ನ ಪಾಡಿಗೆ ಹಾಲು ಹಂಚುತ್ತ ಹೋಗುತ್ತಿತ್ತು. ಅದರ ಮೂತಿಗೆ ಕೂರಿಸಿದ್ದ ಹುಣಸೆಬೀಜದಷ್ಟು ಗಾತ್ರದ ಕ್ಯಾಮೆರಾ ಪ್ರತಿ ಮನೆಯ ಮುಂದಿನ ರಂಗೋಲಿಯನ್ನು ಓದಿಕೊಂಡು ಹೋಗುತ್ತಿತ್ತು. ಅದಕ್ಕೆ ನವಿಲು ಬೇಕಿರಲಿಲ್ಲ, ತಾವರೆ ಬೇಕಿರಲಿಲ್ಲ; ಬೇಕಿದ್ದದ್ದು ಗೆರೆ ಮಾತ್ರ. ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಪುಡಿ ಇಳಿಯುವಾಗ ಕೈಯೊಳಗಿನ ಒಂದೊಂದು ಮಿಸುಕಾಟವೂ ನೆಲದ ಮೇಲೆ ಬರೆದುಹೋಗುತ್ತದೆ. ನಮ್ಮ ಕಣ್ಣಿಗೆ ಕಾಣದ್ದು ಆ ಕಣ್ಣಿಗೆ ಕಾಣುತ್ತಿತ್ತು.

ಅದು ಹುಡುಕುತ್ತಿದ್ದದ್ದು ಒಂದು ರೋಗವನ್ನು. ವೈದ್ಯರ ಪುಸ್ತಕದಲ್ಲಿ ಅದಕ್ಕೆ ಗೇಣುದ್ದದ ಹೆಸರಿದೆ. ಜನ ಕಲ್ಲುಗೈ ಎನ್ನುತ್ತಾರೆ. ಮಿದುಳಿನ ಆಳದಲ್ಲಿ ಒಂದು ಚಿಟಿಕೆಯಷ್ಟು ಜೀವಕೋಶಗಳು ದೀಪಗಳ ಹಾಗೆ ಒಂದೊಂದಾಗಿ ಆರುತ್ತ ಬರುತ್ತವೆ. ಮೊದಲು ಬೆರಳು ಬಿಗಿಯುತ್ತದೆ, ಆಮೇಲೆ ತೋಳು, ಕೊನೆಗೆ ನಾಲಗೆ. ಲಕ್ಷಕ್ಕೆ ಒಬ್ಬರಿಗೆ ಬರುವಂಥದ್ದು. ಮಾತ್ರೆ ಇದೆ, ಆದರೆ ಬೆರಳು ಬಿಗಿಯುವ ಎಷ್ಟೋ ವರ್ಷ ಮೊದಲೇ ಶುರುಮಾಡಬೇಕು. ಆ ಕಾಲದಲ್ಲಿ ರೋಗ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಕೈ ಎಳೆಯುವ ಗೆರೆ ಮಾತ್ರ ಬದಲಾಗುತ್ತದೆ ಎಂದು ಗೊತ್ತಿತ್ತು. ಹೇಗೆ ಬದಲಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ನಾವು, ರೋಗಪತ್ತೆ ಕೇಂದ್ರದವರು, ಯಂತ್ರಕ್ಕೆ ರೋಗವನ್ನು ಕಲಿಸಲಿಲ್ಲ, ಆರೋಗ್ಯವನ್ನು ಕಲಿಸಿದೆವು. ಗಟ್ಟಿಮುಟ್ಟಾದ ಮೂವತ್ತು ಹೆಂಗಸರ ರಂಗೋಲಿ ತೋರಿಸಿ, ಸರಿಯಾದ ಕೈ ಎಂದರೆ ಇದು, ಇದರಿಂದ ತೀರಾ ದೂರ ಇರುವ ಕೈಗಳನ್ನೆಲ್ಲ ಹೆಕ್ಕಿ ಕೊಡು ಎಂದೆವು. ಆ ಮೂವತ್ತು ರಂಗೋಲಿಗಳನ್ನು ತರುವ ಕೆಲಸ ನನ್ನದಾಗಿತ್ತು.

ಆರು ವರ್ಷ ಕಳೆಯಿತು. ರಂಗೋಲಿ ಹಾಕುವ ಕೈಗಳೇ ನಾಲ್ಕು ಲಕ್ಷ ಇರುವ ನಮ್ಮ ಸುತ್ತಮುತ್ತ ಕಲ್ಲುಗೈನವರು ನಾಲ್ಕು ಮಂದಿ ಇರಬೇಕಿತ್ತು. ಪಟ್ಟಿಯಲ್ಲಿ ಸಾವಿರದ ಒಂಬೈನೂರ ಹನ್ನೆರಡು ಹೆಸರುಗಳಿದ್ದವು. ಎಲ್ಲರೂ ಹೆಂಗಸರು. ಗಂಡಸರಿಗೆ ಈ ರೋಗ ತಟ್ಟುವುದಿಲ್ಲವೆಂದು ಪತ್ರಿಕೆಯೊಂದು ಬರೆಯಿತು. ಗಂಡಸರು ರಂಗೋಲಿ ಹಾಕುವುದಿಲ್ಲವೆಂಬುದು ಅದಕ್ಕೆ ಹೊಳೆದಿರಲಿಲ್ಲ. ಮಾತ್ರೆ ತಿಂದವರಲ್ಲಿ ಒಬ್ಬರ ಕೈಯೂ ಕಲ್ಲಾಗಲಿಲ್ಲ. ಮಾತ್ರೆ ಗೆದ್ದಿತೆಂದು ನಾವು ಕೇಂದ್ರದಲ್ಲಿ ಮೈಸೂರುಪಾಕು ಹಂಚಿದ್ದೆವು.

"ನೀರು ನೋಡಿದ್ವಿ, ಮಣ್ಣು ನೋಡಿದ್ವಿ, ರಂಗೋಲಿ ಪುಡೀನೂ ನೋಡಿದ್ವಿ," ಎಂದರು ನಮ್ಮ ಮುಖ್ಯಸ್ಥೆ ಡಾಕ್ಟರ್ ಫರ್ಹತ್. ಗೋಡೆಯ ತುಂಬ ಇದ್ದ ನಕ್ಷೆಯಲ್ಲಿ ಊರು ಕೆಂಪು ಚುಕ್ಕಿಗಳಿಂದ ದಡಾರ ಎದ್ದ ಮಗುವಿನ ಬೆನ್ನಿನ ಹಾಗೆ ಕಾಣುತ್ತಿತ್ತು. "ನಮ್ಮ ಮಾತು ಕೇಳಿ ಮೂರು ಬೋರ್‌ವೆಲ್ ಮುಚ್ಚಿಸಿದ್ರು. ಏನೂ ಸಿಕ್ಕಿಲ್ಲ. ನೀಲಾ, ನಿಜ ಹೇಳು, ರೋಗ ಹೆಚ್ಚಾಗ್ತಿದೆಯಾ, ನಾವು ನೋಡೋದು ಹೆಚ್ಚಾಗಿದೆಯಾ?"

"ಎರಡೂ ಇರಬಹುದು ಮೇಡಂ."

"ಎರಡೂ ಇರಬಹುದು ಅನ್ನೋದು ಟೀ ಕುಡೀತಾ ಆಡೋ ಮಾತು ಕಣಮ್ಮ. ಸಂಕ್ರಾಂತಿ ಒಳಗೆ ವರದಿ ಕೊಡು. ಮೊದಲಿಂದ ನೋಡ್ಕೊಂಡು ಬಾ."

ಮೊದಲು ಏನಾಗಿತ್ತೆಂದು ನನಗೆ ಮಾತ್ರ ಗೊತ್ತಿತ್ತು.

ಮೊದಲಲ್ಲಿ ಆಗಿದ್ದು ಇಷ್ಟು. ಮೂವತ್ತು ಬೀದಿ ಸುತ್ತಿ, ಮೂವತ್ತು ಹೆಂಗಸರ ಆರೋಗ್ಯ ವಿಚಾರಿಸಿ, ಅವರವರ ರಂಗೋಲಿಯ ಪಟ ಹಿಡಿದು ತಾ ಎಂದು ನನ್ನನ್ನು ಕಳಿಸಿದ್ದರು. ಧನುರ್ಮಾಸ ಶುರುವಾಗುವ ಹೊತ್ತಿನ ಚಳಿ. ಎರಡು ದಿನ ಹೋದೆ. ಮೊದಲ ದಿನ ನಾಯಿ ಅಟ್ಟಿಸಿಕೊಂಡು ಬಂತು. ಎರಡನೆಯ ದಿನ ಒಬ್ಬಾಕೆ, "ನಮ್ಮನೆ ಬಾಗಿಲಲ್ಲಿ ಮಾಟ ಮಾಡ್ತೀಯೇನೇ?" ಎಂದು ಚೊಂಬಿನ ನೀರನ್ನು ನನ್ನ ಕಾಲಿಗೇ ಎರಚಿದಳು. ಒದ್ದೆ ಪಾದದಲ್ಲಿ ನಡುಗುತ್ತ ಮನೆಗೆ ಬಂದರೆ ನಮ್ಮ ಅಜ್ಜಿ ಸಿದ್ದಗಂಗಮ್ಮ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹದಿನೈದು ಚುಕ್ಕಿಯ ತೇರು ಎಳೆಯುತ್ತಿದ್ದಳು. ಧನುರ್ಮಾಸದ ಮೂವತ್ತು ದಿನಕ್ಕೆ ಮೂವತ್ತು ರಂಗೋಲಿ ಹಾಕುವವಳು ಅವಳು. ಒಂದು ಹಾಕಿದ್ದನ್ನು ಇನ್ನೊಂದು ದಿನ ಹಾಕುವವಳಲ್ಲ. ಅಪ್ಪ ಅಮ್ಮನನ್ನು ಕಳೆದುಕೊಂಡ ನನ್ನನ್ನು ಆ ಕೈಯೇ ಸಾಕಿದ್ದು, ಆ ಬಾಯಿಯೇ ಕಥೆ ಹೇಳಿ ಮಲಗಿಸಿದ್ದು. ಗೆರೆ ನಡುಗಿದರೆ ಲಕ್ಷ್ಮಿ ಅನುಮಾನಿಸಿ ಬೀದಿಯಲ್ಲೇ ನಿಲ್ಲುತ್ತಾಳೆ ಎನ್ನುತ್ತಿದ್ದಳು ಅಜ್ಜಿ. ಅವಳ ಗೆರೆ ನಡುಗುತ್ತಿರಲಿಲ್ಲ. ನೋಡುತ್ತ ನಿಂತರೆ ಅದು ಹಾಲಿನ ಹೊಳೆಯಾಗಿ ಹರಿದು, ನಾನು ಅದರ ದಂಡೆಯಲ್ಲಿ ನಡೆದು ಹೋದ ಹಾಗೆ ಆಗುತ್ತಿತ್ತು.

ಇದಕ್ಕಿಂತ ಒಳ್ಳೆಯ ಕೈಯನ್ನು ಊರೆಲ್ಲ ಸುತ್ತಿದರೂ ಎಲ್ಲಿ ತರಲಿ ಎಂದುಕೊಂಡೆ. ಮೂವತ್ತು ದಿನ ಬಾಗಿಲಲ್ಲೇ ನಿಂತು ಮೂವತ್ತು ಪಟ ಹಿಡಿದೆ. ಮೂವತ್ತು ಹೆಂಗಸರ ಹೆಸರು, ವಯಸ್ಸು, ಬೀದಿ ಬರೆದು ಕೊಟ್ಟೆ. ಹೆಸರುಗಳನ್ನು ಅಜ್ಜಿಯ ಕಥೆಗಳಿಂದಲೇ ತೆಗೆದೆ. ಮೊಸಳೆಯನ್ನು ಮದುವೆಯಾದ ಹೊನ್ನಾಜಮ್ಮ, ಏಳು ಸೊಸೆಯರಲ್ಲಿ ಕಿರಿಯವಳಾದ ಕೆಂಚವ್ವ, ಮಲ್ಲಿಗೆಕೋಟೆಯ ದೇವಾಜಮ್ಮ, ಎಲ್ಲರೂ ತಿಪಟೂರಿನ ಒಂದೊಂದು ಬೀದಿಯಲ್ಲಿ ಸಂಸಾರ ಹೂಡಿದರು. ಬರೆಯುವಾಗ ನಗು ಬಂದಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಎದುರುಮನೆಯ ಜಯಶೀಲಕ್ಕ ಒಂದು ಪಾತ್ರೆ ತುಂಬ ನೆನೆಸಿದ ಅವರೆಕಾಳು ತಂದಳು. ಜಯಶೀಲಕ್ಕ ಹದಿಮೂರು ವರ್ಷ ತಿಪಟೂರಿನಿಂದ ಹುಳಿಯಾರಿಗೆ ಬಸ್ ಓಡಿಸಿದವಳು. ನಾಲ್ಕು ವರ್ಷದ ಹಿಂದೆ ನಮ್ಮ ಯಂತ್ರ ಅವಳ ರಂಗೋಲಿಯನ್ನು ಹೆಕ್ಕಿ ಕೊಟ್ಟಿತು. ಮಾತ್ರೆ ತಿನ್ನುವವರು ಸ್ಟೀರಿಂಗ್ ಹಿಡಿಯುವಂತಿಲ್ಲ. ಮಾತ್ರೆಯಿಂದ ತೂಕಡಿಕೆ ಬರುತ್ತದೆ, ಕೈ ಅದುರುತ್ತದೆ. ಈಗ ಅವಳು ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಊರುಗಳ ಹೆಸರು ಕೂಗುತ್ತಾಳೆ.

ಬಿಸಿಲು ಬಿದ್ದ ಜಗಲಿಯ ಮೇಲೆ ಮೂವರೂ ಕಾಳು ಹಿತುಕಲು ಕೂತೆವು.

"ಪ್ರತಿ ಸಲ ಯಾಕೆ ತರ್ತೀರ ಅಕ್ಕ?" ಎಂದೆ.

"ಸುಮ್ನಿರೇ. ನಿಮ್ಮ ಕಣ್ಣು ಇಲ್ದಿದ್ರೆ ಇಷ್ಟೊತ್ತಿಗೆ ನಾನು ಗೋಡೆಗೆ ಒರಗಿಸಿದ ಒನಕೆ ಆಗಿರ್ತಿದ್ದೆ. ಬಸ್ ಓಡ್ಸೋದು ಹೋಯ್ತು ಅಷ್ಟೇ ತಾನೆ? ಈಗ ಒಂದೇ ಉಸಿರಿಗೆ ಹತ್ತು ಬಸ್ ಓಡಿಸ್ತೀನಿ, ಬಾಯಲ್ಲಿ." ಅವಳ ಅದುರುವ ಬೆರಳಿನಿಂದ ಕಾಳು ಹಾರಿ ಅಂಗಳಕ್ಕೆ ಬಿತ್ತು. "ನೋಡು, ಟಿಕೆಟ್ ಇಲ್ದೆ ಇಳಿದು ಹೋಯ್ತು!"

ಅಜ್ಜಿ ನಕ್ಕಳು. ನಗುತ್ತಲೇ ಇದ್ದಳು, ಆದರೆ ಅವಳ ಕೈಯಲ್ಲಿದ್ದ ಕಾಳು ಹಾಗೇ ಇತ್ತು.

"ಏನಜ್ಜಿ, ಒಂದೇ ಕಾಳನ್ನ ಎಷ್ಟೊತ್ತು ಮುದ್ದು ಮಾಡ್ತೀಯ?" ಎಂದಳು ಜಯಶೀಲಕ್ಕ.

"ಬಿಡ್ತಾ ಇಲ್ಲ ಕಣೇ ಕೈಯಿ," ಎಂದಳು ಅಜ್ಜಿ. ಎಡಗೈಯಿಂದ ಬಲಗೈಯ ಬೆರಳುಗಳನ್ನು, ಗಂಟು ಬಿಚ್ಚುವ ಹಾಗೆ, ಒಂದೊಂದಾಗಿ ಬಿಡಿಸಿದಳು. "ದೀಪಾವಳಿಯಿಂದ ಹಿಂಗೇ. ಚಳಿಗೆ ಹಿಡ್ಕಂಡೈತೆ."

ಜಯಶೀಲಕ್ಕನ ಮುಖದಿಂದ ತಮಾಷೆ ಇಳಿದುಹೋಯಿತು. ನಮ್ಮ ಕೇಂದ್ರದ ಕರಪತ್ರವನ್ನು ನಾಲ್ಕು ವರ್ಷ ದೇವರಪಟದ ಹಿಂದೆ ಇಟ್ಟುಕೊಂಡವಳು ಅವಳು. ನನ್ನ ಕಡೆ ನೋಡಿದಳು. ಈ ಸಲದ ಧನುರ್ಮಾಸದಲ್ಲಿ ಅಜ್ಜಿ ದಿನವೂ ನಾಲ್ಕು ಚುಕ್ಕಿಯಿಟ್ಟು, ಎರಡು ಗೆರೆ ಎಳೆದು ಒಳಗೆ ಬರುತ್ತಿದ್ದಳು. ವಯಸ್ಸಾಯಿತು ಎಂದುಕೊಂಡು ನಾನು ಅದನ್ನು ದಾಟಿ ಕೆಲಸಕ್ಕೆ ಹೋಗುತ್ತಿದ್ದೆ.

ಮರುದಿನ ಅಜ್ಜಿಯ ಮಿದುಳಿನ ಪಟವನ್ನು ಫರ್ಹತ್ ಮೇಡಂ ತುಂಬ ಹೊತ್ತು ನೋಡಿದರು. ಅಜ್ಜಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನನ್ನನ್ನು ಒಳಗೆ ಕರೆದರು.

"ಕಲ್ಲುಗೈಯೇ ನೀಲಾ. ಹೊಸದಲ್ಲ. ಕಡಿಮೆ ಅಂದ್ರೂ ಏಳೆಂಟು ವರ್ಷದ್ದು." ನನ್ನ ಕೈ ಹಿಡಿದುಕೊಂಡರು. ಆಮೇಲೆ ಏನೋ ನೆನಪಾದವರಂತೆ ಕೈಬಿಟ್ಟು ಪರದೆಯತ್ತ ತಿರುಗಿದರು. "ನಿಮ್ಮ ಬೀದೀಲಿ ಗಾಡಿ ದಿನಾ ಹೋಗುತ್ತೆ. ನಿಮ್ಮನೆ ಅಂಕ ನೋಡಿಲ್ಲಿ. ಆರು ವರ್ಷದಿಂದ ನೂರಕ್ಕೆ ನೂರು. ಊರಲ್ಲೇ ಇನ್ಯಾರಿಗೂ ಇಲ್ಲ ಇಷ್ಟು. ರೋಗ ಇರೋ ಕೈಗೆ ಹೇಗೆ ಬಂತು?"

ಅವರು ಹಳೆಯ ಕಡತ ತೆಗೆದರು. ಮೂವತ್ತು ಹೆಸರುಗಳಿದ್ದ ಅದನ್ನು ಆರು ವರ್ಷದಲ್ಲಿ ಯಾರೂ ತೆರೆದಿರಲಿಲ್ಲ.

"ದೇವಾಜಮ್ಮ, ಐವತ್ತೆರಡು ವರ್ಷ, ಕೋಟೆ ಬೀದಿ. ತಿಪಟೂರಲ್ಲಿ ಕೋಟೆ ಬೀದಿ ಎಲ್ಲಿದೆ? ಹೊನ್ನಾಜಮ್ಮ, ನಲವತ್ತು ವರ್ಷ, ಕೆರೆಯೊಳಗಿನ ಮನೆ." ಓದುತ್ತಾ ಓದುತ್ತಾ ಅವರ ದನಿ ಸಣ್ಣದಾಯಿತು. "ಕೆರೆಯೊಳಗೆ ಯಾರಮ್ಮ ಇರ್ತಾರೆ?"

"ಯಾರೂ ಇಲ್ಲ ಮೇಡಂ. ಮೂವತ್ತೂ ಅಜ್ಜೀದೇ."

ಅವರು ಬೈಯಲಿಲ್ಲ. ಎದ್ದು ಹೋಗಿ ಟೀ ಮಾಡುವ ಮೂಲೆಯಿಂದ ಸಕ್ಕರೆ ಡಬ್ಬಿ ತಂದರು. ಹುಟ್ಟಿದ ಮೇಲೆ ಒಂದು ರಂಗೋಲಿ ಹಾಕಿದವರಲ್ಲ, ಕಪ್ಪು ಮೇಜಿನ ಮೇಲೆ ಚಿಟಿಕೆ ಸಕ್ಕರೆಯಿಂದ ಗೇಣುದ್ದ ಗೆರೆ ಎಳೆದು ಅದರ ಮೇಲೆ ಕ್ಯಾಮೆರಾ ಹಿಡಿದರು. ಪರದೆಯ ಒಂದು ಬದಿಗೆ ಅವರ ಗೆರೆ, ಇನ್ನೊಂದು ಬದಿಗೆ ಅಜ್ಜಿಯದು. ನೂರು ಪಟ್ಟು ಹಿಗ್ಗಿಸಿದಾಗ ಮೇಡಂ ಗೆರೆಯ ಅಂಚು ಗಾಳಿಗೆ ಸಿಕ್ಕ ಕೆರೆಯ ನೀರಿನಂತೆ ಸಣ್ಣ ಸಣ್ಣ ಅಲೆ ಎದ್ದಿತ್ತು. ಅಜ್ಜಿಯ ಗೆರೆಯಲ್ಲಿ ಅಲೆಯೇ ಇರಲಿಲ್ಲ.

"ಬದುಕಿರೋ ಕೈ ಸುಮ್ನಿರಲ್ಲ," ಎಂದರು. "ಸೆಕೆಂಡಿಗೆ ಹತ್ತು ಸಲ ಮಿಡೀತಾನೇ ಇರುತ್ತೆ. ಎಲ್ಲರದ್ದೂ. ರೋಗದಲ್ಲಿ ಮೊದಲು ಹೋಗೋದು ಆ ಮಿಡಿತ. ಚೆಂದ ಅಂತ ನೀನು ತಂದಿದ್ದು ಅದನ್ನೇ. ರೋಗಾನೇ ಅಳತೆಗೋಲು ಮಾಡ್ಕೊಂಡು ನಾವು ಊರನ್ನ ಅಳೆದ್ವಿ. ಯಾರ ಕೈ ಚೆನ್ನಾಗಿ ಮಿಡೀತಿತ್ತೋ ಅವರಿಗೆಲ್ಲ ಮಾತ್ರೆ ಕೊಟ್ವಿ."

"ಅವರಿಗೆ ರೋಗ ಬರಲಿಲ್ಲ ಅಂತ..."

"ಸಿಹಿ ಹಂಚಿದ್ವಿ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಲ್ಲದ ರೋಗ ಬರುತ್ತೇನಮ್ಮ?"

ಎರಡು ದಿನ ಕೂತು ಲೆಕ್ಕವನ್ನು ತಿರುವಿ ಹಾಕಿದೆವು. ಈಗ ಮಿಡಿತವೇ ಇಲ್ಲದ ಕೈಗಳನ್ನು ಹುಡುಕಿದೆವು. ನಾಲ್ಕು ಲಕ್ಷ ಕೈಗಳ ನಡುವೆ ನಾಲ್ಕು ಸಿಕ್ಕವು. ಎಂದೂ ಇದ್ದಷ್ಟೇ. ರೋಗ ಒಂದು ಕೂದಲೆಳೆಯಷ್ಟೂ ಹೆಚ್ಚಾಗಿರಲಿಲ್ಲ. ನಾಲ್ವರಲ್ಲಿ ಒಬ್ಬಾಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಪಾರ್ಶ್ವವಾಯು ಎಂದು ಮನೆಯವರು ತಿಳಿದಿದ್ದರು. ಇನ್ನೊಬ್ಬಳು ಹಾಸಿಗೆ ಹಿಡಿದಿದ್ದಳು. ಇಪ್ಪತ್ತಾರು ವರ್ಷದ ಶಾಲಾ ಶಿಕ್ಷಕಿಯೊಬ್ಬಳಿಗೆ ಇನ್ನೂ ಸಮಯವಿತ್ತು. ನಾಲ್ಕನೆಯವಳು ನಮ್ಮ ಅಜ್ಜಿ.

ಮೂರನೆಯ ದಿನ ಮೇಡಂ ನನ್ನ ಮುಂದೆ ಒಂದು ಕಾಗದ ಇಟ್ಟರು. ಯಂತ್ರದ ಮರುಹೊಂದಿಕೆ ನಡೆದಿದೆ, ಮಾತ್ರೆ ಸೇವಿಸುತ್ತಿರುವವರು ಕೇಂದ್ರವನ್ನು ಸಂಪರ್ಕಿಸಬೇಕು ಎಂದಿತ್ತು.

"ಮೇಲಿನವರು ಇಷ್ಟು ಸಾಕು ಅಂತಾರೆ. ಯಾರ ಹೆಸರೂ ಇಲ್ಲ ಇದರಲ್ಲಿ. ಕಡತ ನೋಡದೆ ಸಹಿ ಹಾಕಿದ್ದು ನಾನು, ಅದನ್ನ ನಾನು ಬರೆದುಕೊಟ್ಟಿದೀನಿ. ನಿಂದು ನಿನಗೆ ಬಿಟ್ಟಿದ್ದು."

ಆ ಕಾಗದವನ್ನು ಹಿಡಿದುಕೊಂಡಾಗ ನನಗಾದ ಮೊದಲ ಭಾವ ಪಶ್ಚಾತ್ತಾಪವಲ್ಲ. ಅಬ್ಬ ಎನ್ನಿಸಿತು. ಹಾಗೆ ಅನ್ನಿಸಿದ್ದನ್ನು ಬರೆಯದೆ ಬಿಟ್ಟರೆ ಈ ಕಥೆಯೂ ಆ ಮೂವತ್ತು ಹೆಸರುಗಳ ಸಾಲಿಗೆ ಸೇರುತ್ತದೆ.

ಮಧ್ಯಾಹ್ನ ಮನೆಗೆ ಬಂದಾಗ ಅಜ್ಜಿ ಹಿತ್ತಿಲ ಬಿಸಿಲಿಗೆ ಕೂತಿದ್ದಳು.

"ನಿಮ್ಮ ಗಾಡಿ ಎಲ್ಲಾರ್ನೂ ಹಿಡೀತು, ನನ್ನ ಮಾತ್ರ ಯಾಕೆ ಹಿಡೀಲಿಲ್ಲ ನೀಲವ್ವ?" ಎಂದಳು. ದೂರುವುದಕ್ಕಲ್ಲ. ತಿಳಿಯುವ ಆಸೆಯಿಂದ ಕೇಳಿದ್ದು.

ಹೇಳಿದೆ. ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಮೊದಲೇ ಗೊತ್ತಾಗಿದ್ದರೆ ಮಾತ್ರೆ ಕೆಲಸ ಮಾಡುತ್ತಿತ್ತು, ಈಗ ಮಾಡುವುದಿಲ್ಲ ಎಂಬುದನ್ನೂ ಹೇಳಿದೆ. ಆಗಲಿ ಬಿಡು ಮಗಳೇ ಎಂದು ಅವಳು ಅನ್ನುತ್ತಾಳೆಂದು ಒಳಗೊಳಗೇ ಕಾಯುತ್ತಿದ್ದೆ. ಅವಳು ಅನ್ನಲಿಲ್ಲ.

"ಜಯಶೀಲ ಬಸ್ಸಿಂದ ಇಳಿದಿದ್ದು ನನ್ನ ರಂಗೋಲಿಯಿಂದನಾ?"

"ನಿನ್ನ ರಂಗೋಲಿಯಿಂದ ಅಲ್ಲ ಅಜ್ಜಿ. ನನ್ನ ಸುಳ್ಳಿಂದ."

"ನನ್ನ ಕೈ ಚೆಂದ ಅಂತ ಮಾಡ್ದೆ ತಾನೆ?"

"ಚೆಂದ ಅಂತಲೂ ಮಾಡ್ದೆ. ಚಳಿ ಅಂತಲೂ ಮಾಡ್ದೆ."

ಅವಳು ಗೋಡೆ ಹಿಡಿದು ಎದ್ದಳು. "ನನ್ನ ಚಪ್ಪಲಿ ಎಲ್ಲೈತೆ ನೋಡು."

"ಎಲ್ಲಿಗೆ?"

"ಎದುರುಮನೆಗೆ. ಮನೇಲಿ ಹುಡುಗ್ರು ತಪ್ಪು ಮಾಡಿದ್ರೆ ದೊಡ್ಡೋರು ಹೋಗಿ ತಪ್ಪಾಯ್ತು ಅಂತ ಕೇಳ್ಕಬೇಕು. ಇನ್ಯಾರವ್ರೆ ನಿಂಗೆ?"

ಸೆರಗನ್ನು ಹೆಗಲಿಗೆ ಎಳೆದುಕೊಳ್ಳಲು ಹೋದಳು. ಬೆರಳು ಹಿಡಿಯಲಿಲ್ಲ. ಇನ್ನೊಂದು ಸಲ ಹೋದಳು. ಸೆರಗು ಜಾರಿತು. ಎಪ್ಪತ್ತೆಂಟು ವರ್ಷ ಯಾರ ಮನೆ ಬಾಗಿಲಲ್ಲೂ ತಲೆ ತಗ್ಗಿಸಿ ನಿಂತವಳಲ್ಲ. ಈಗ ನನಗಾಗಿ ನಿಲ್ಲಲು ಹೊರಟಿದ್ದಳು.

"ಕೂತ್ಕೋ ಅಜ್ಜಿ," ಎಂದೆ. "ನಾಳೆ ಬೆಳಿಗ್ಗೆ ನಾನೇ ಹೋಗ್ತೀನಿ."

"ನಾಳೆ ಯಾಕೆ?"

"ಅಕ್ಕ ಈಗ ಡ್ಯೂಟಿಗೆ ಹೋಗಿದಾಳೆ. ಮೈಕಲ್ಲಿ ಕೂಗ್ತಿರ್ತಾಳೆ."

ಬೆಳಿಗ್ಗೆ ಎಂಟಕ್ಕೆ ಜಯಶೀಲಕ್ಕ ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಲೋಟ, ಇನ್ನೊಂದು ಅಂಗೈಯಲ್ಲಿ ಮಾತ್ರೆ ಹಿಡಿದು ನಿಂತಿದ್ದಳು. ಲೋಟದ ನೀರು ತುಳುಕುತ್ತಿತ್ತು.

"ಬಾರೇ. ಅಜ್ಜಿ ಹೇಗಿದಾಳೆ? ಉಪ್ಪಿಟ್ಟು ಐತೆ, ಹಾಕ್ಲಾ?"

"ಅಕ್ಕ, ಆ ಮಾತ್ರೆ ಅರ್ಧ ಮಾಡಿ ತಗೊಳ್ಳಿ. ಒಂದೇ ಸಲ ಬಿಡಬಾರದು. ಒಂದು ತಿಂಗಳಲ್ಲಿ ಪೂರ್ತಿ ಬಿಡಿಸ್ತಾರೆ." ಉಸಿರು ತೆಗೆದುಕೊಂಡೆ. "ನಿಮಗೆ ರೋಗ ಇಲ್ಲ. ಯಾವತ್ತೂ ಇರಲಿಲ್ಲ."

ಅವಳ ಮುಖ ಹೂವಿನಂತೆ ಅರಳಿತು. ದೇವರ ಗೂಡಿನ ಕಡೆ ತಿರುಗಿ, ಲೋಟ ಹಿಡಿದ ಕೈಯನ್ನೇ ಹಣೆಗೆ ಮುಟ್ಟಿಸಿದಳು. ಅರ್ಧ ಹೇಳಿ ನಿಲ್ಲಿಸಿಬಿಡಬಹುದಿತ್ತು. ಆ ಸಂತೋಷಕ್ಕೆ ನಾನೇ ಕಾರಣಳೆಂದು ಅವಳು ಮತ್ತೆ ಕಾಳು ತರುತ್ತಿದ್ದಳು. ಉಳಿದರ್ಧವನ್ನೂ ಹೇಳಿದೆ.

ಜಯಶೀಲಕ್ಕ ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ನಾಲ್ಕು ವರ್ಷ ನಿಮ್ಮನೆಗೆ ಸೊಪ್ಪು ತಂದೆ, ಕಾಳು ತಂದೆ. ನೀನು ತಗೊಂಡೆ."

"ತಗೊಂಡೆ ಅಕ್ಕ."

"ಪಾತ್ರೆ ಖಾಲಿ ಕೊಡಬಾರದು ಅಂತ ಒಂದು ಹಿಡಿ ಸಕ್ಕರೆ ಹಾಕಿ ನೀನು ವಾಪಸ್ ಕೊಡ್ತಿದ್ದೆ. ಆವಾಗ ಗೊತ್ತಿತ್ತಾ ನಿಂಗೆ?"

"ಅಜ್ಜೀಗೆ ರೋಗ ಐತೆ ಅಂತ ಗೊತ್ತಿರಲಿಲ್ಲ."

"ಅದಲ್ಲ ನಾನು ಕೇಳಿದ್ದು. ಆ ಮೂವತ್ತು ಜನ ಸುಳ್ಳು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ತನ್ನ ಬಲಗೈಯನ್ನು ಮುಂದೆ ಚಾಚಿದಳು. ಹದಿಮೂರು ವರ್ಷ ತಿರುವುಗಳಲ್ಲೂ ಮಣ್ಣಿನ ರಸ್ತೆಯಲ್ಲೂ ಸ್ಟೀರಿಂಗ್ ಹಿಡಿದ ಕೈ, ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು. "ಮಾತ್ರೆ ಬಿಟ್ಟರೆ ಇದು ನಿಲ್ಲುತ್ತಾ?"

"ಗೊತ್ತಿಲ್ಲ ಅಕ್ಕ. ಕೆಲವರಿಗೆ ನಿಲ್ಲಬಹುದು ಅಂತಾರೆ ಮೇಡಂ. ನಾಲ್ಕು ವರ್ಷ ತಿಂದಿದ್ದೀರ..."

"ನಾನು ತಿಂದೆನಾ?" ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬೈಯಲಿ, ಹೊಡೆಯಲಿ ಎಂದು ನಿಂತಿದ್ದೆ. ಅವಳು ಒಲೆ ಆರಿಸಿದಳು. ಮಾತ್ರೆಯನ್ನು ಚಾಕುವಿನಿಂದ ಅರ್ಧ ಮಾಡಲು ಹೋದಳು; ಚಾಕು ಮೂರು ಸಲ ಜಾರಿತು. ನಾನು ಕೈ ಚಾಚಿದೆ. "ಮುಟ್ಟಬೇಡ," ಎಂದಳು. ನಾಲ್ಕನೆಯ ಸಲಕ್ಕೆ ತುಂಡಾಯಿತು. ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡಳು.

"ನಡಿ."

"ಎಲ್ಲಿಗೆ ಅಕ್ಕ?"

"ಈ ಬೀದೀಲೇ ಒಂಬತ್ತು ಜನ ತಿಂತಾವ್ರೆ. ಪಕ್ಕದ ಮನೆ ಲೋಕಮ್ಮನಿಂದ ಶುರು ಮಾಡು. ತಾಯಿಗೆ ಕಲ್ಲುಗೈ ಅಂತ ಅವಳ ಮಗಳಿಗೆ ಬಂದಿದ್ದ ಗಂಡು ನಿಶ್ಚಿತಾರ್ಥ ಮುರ್ಕೊಂಡು ಹೋಯ್ತು, ಹೋದ ವರ್ಷ. ಗೊತ್ತಲ್ಲ?"

ಗೊತ್ತಿತ್ತು. ಆ ದಿನ ಅವರ ಮನೆಗೆ ಹೋಗಿ, ರೋಗವನ್ನು ಮುಚ್ಚಿಡದಿದ್ದದ್ದು ದೊಡ್ಡ ಗುಣವೆಂದು ಲೋಕಮ್ಮನನ್ನು ಸಮಾಧಾನ ಮಾಡಿ ಬಂದವಳು ನಾನು.

"ಕೇಂದ್ರದಿಂದ ಕಾಗದ ಬರುತ್ತೆ ಅಕ್ಕ..."

"ಕಾಗದ ಬರ್ಲಿ. ಮುಂಚೆ ನೀನು ಬಾ. ನಾನೇನು ಮಾತಾಡಲ್ಲ. ಹಿಂದೆ ನಿಂತಿರ್ತೀನಿ ಅಷ್ಟೇ."

ಲೋಕಮ್ಮ ಬಾಗಿಲಲ್ಲೇ ಇದ್ದಳು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಅವಳಿಗೆ ಖುಷಿಯಾಯಿತು. "ಏನಿವತ್ತು ಇಬ್ರೂ ಸೇರ್ಕೊಂಡು! ಬನ್ರೇ ಒಳಗೆ. ನೀಲಮ್ಮ, ಕೂತ್ಕೋ, ಹಾಲು ಈಗ ಬಂತು, ಕಾಫಿ ಇಡ್ತೀನಿ."

"ಲೋಕಮ್ಮ, ನಮ್ಮ ಕೇಂದ್ರದಲ್ಲಿ ಒಂದು..."

ಹಿಂದಿನಿಂದ ಜಯಶೀಲಕ್ಕ, "ಕೇಂದ್ರ ಎಲ್ಲಿ ಬಂದೈತೆ ಇಲ್ಲಿಗೆ? ನನಗೆ ಕಾಣ್ತಿಲ್ಲ," ಎಂದಳು.

ನನ್ನ ಕಿವಿಯವರೆಗೂ ಬಿಸಿಯೇರಿತು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆಯುತ್ತ ಹೋದರು. ಲೋಕಮ್ಮ ಹಾಲಿನ ಪಾತ್ರೆ ಹಿಡಿದು ಒಮ್ಮೆ ನನ್ನನ್ನು, ಒಮ್ಮೆ ಜಯಶೀಲಕ್ಕನನ್ನು ನೋಡಿ ನಗುತ್ತಿದ್ದಳು. ಏನೋ ತಮಾಷೆ ನಡೆಯುತ್ತಿದೆ ಎಂದುಕೊಂಡಿರಬೇಕು.

"ಒಲೆ ಹಚ್ಚಬೇಡಿ ಲೋಕಮ್ಮ," ಎಂದೆ. "ನಾನು ಒಂದು ಸುಳ್ಳು ಬರೆದಿದ್ದೆ. ಅದರಿಂದ ನಿಮಗೆ ರೋಗ ಅಂತ ಆಯ್ತು."

ಅವಳಿಗೆ ತಿಳಿಯಲಿಲ್ಲ. ನಗು ಹಾಗೇ ಇತ್ತು. ನೆಲ ನೋಡಬೇಕೆನ್ನಿಸಿತು. ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತ, ಆ ನಗು ಪೂರ್ತಿ ಹೋಗುವವರೆಗೂ ಹೇಳುತ್ತ ಹೋದೆ.